ಮಂಗಳೂರು ದಾಟಲು ಬಿಡದ ನಮ್ಮ ಮಾವ

ನಮ್ಮ ಮಾವನವರಿಗೆ ಗುಡ್ಡ ಕುಸಿದರೆ ಖುಷಿಯಾಗುತ್ತದೆ!

ಹೀಗೆಂದ ಕೂಡಲೇ ಅವರನ್ನು ರಾಕ್ಷಸರ ವಂಶಕ್ಕೆ ಸೇರಿಸಿಬಿಡಬೇಡಿ. ಯಾರ ಕೂದಲೂ ಕೊಂಕಬಾರದು, ಯಾರ ಮನೆಯ ಹಂಚೂ ಒಡೆಯಬಾರದು. ಶಿರಾಡಿ ಘಾಟಿಯಲ್ಲಿ ಒಂದಿಷ್ಟು ಮಣ್ಣು ಜಾರಿ ಬಂದು ರಸ್ತೆಗೆ ಅಡ್ಡ ಕುಳಿತರೆ ಅವರಿಗೆ ಅಷ್ಟೇ ಸಾಕು. ಟಿವಿಯಲ್ಲಿ 'ಘಾಟಿ ಸಂಚಾರ ಸ್ಥಗಿತ' ಎಂದು ಬರುವುದೇ ತಡ, "ಛೆ ಛೆ ಛೆ, ಪಾಪ, ಜನರಿಗೆ ಎಷ್ಟು ಕಷ್ಟ!" ಎನ್ನುತ್ತಾ ಎದ್ದು ಅಡುಗೆಮನೆಗೆ ಹೋಗಿ ದೋಸೆಗೆ ಅಕ್ಕಿ ನೆನೆಸುತ್ತಾರೆ. ಬಾಯಲ್ಲಿ ಛೆ ಛೆ, ಕೈಯಲ್ಲಿ ಅಕ್ಕಿಯ ಸೇರು! ಘಾಟಿ ಬಂದಾದರೆ ಮಂಗಳೂರಿಗೆ ಬಂದ ನೆಂಟರು ಮಂಗಳೂರಿನಲ್ಲೇ ಉಳಿಯಬೇಕಲ್ಲ? ಮಾವನವರಿಗೆ ಬದುಕಿನಲ್ಲಿ ಬೇಕಾದದ್ದು ಅದೊಂದೇ.

ಅವರ ಸಂಕಟವೂ ಸುಳ್ಳಲ್ಲ. ನೀವೇ ಹೇಳಿ, ಮಂಗಳೂರಿಗೆ ಬರುವವರಲ್ಲಿ ಮಂಗಳೂರಿಗೆ ಬರುವವರು ಎಷ್ಟು ಜನ? ವಿಮಾನದಲ್ಲಿ ಇಳಿದವರು ಉಡುಪಿಗೆ, ರೈಲಿನಲ್ಲಿ ಇಳಿದವರು ಧರ್ಮಸ್ಥಳಕ್ಕೆ, ಬಸ್ಸಿನಲ್ಲಿ ಇಳಿದವರು ಕೊಲ್ಲೂರಿಗೋ ಸುಬ್ರಹ್ಮಣ್ಯಕ್ಕೋ ಮಡಿಕೇರಿಗೋ. ನಮ್ಮ ಊರಿನಲ್ಲಿ ಕಾಲಿಡುವುದು ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದಕ್ಕೆ! ಪತ್ರಿಕೆಯವರು ಇದನ್ನೇ ಚಂದ ಮಾಡಿ 'ಕರಾವಳಿಯ ಹೆಬ್ಬಾಗಿಲು' ಎಂದು ಬರೆಯುತ್ತಾರೆ. ಮಾವನವರಿಗೆ ಆ ಪದ ಕಂಡರೆ ಆಗುವುದಿಲ್ಲ.

"ಹೆಬ್ಬಾಗಿಲಂತೆ, ಹೆಬ್ಬಾಗಿಲು! ಬಾಗಿಲಲ್ಲಿ ಯಾರಾದ್ರೂ ಕೂತ್ಕೊಳ್ತಾರಾ ಮಾರಾಯ್ತಿ? ಚಪ್ಪಲಿ ಬಿಡ್ತಾರೆ, ಒಳಗೆ ಹೋಗ್ತಾರೆ. ಹಾಗಾದ್ರೆ ನಾವು ಎಂತ, ಚಪ್ಪಲಿ ಕಾಯುವವರಾ?"

ಮಾವ ಕೆಲಸದಲ್ಲಿದ್ದದ್ದು ಬಂದರಿನಲ್ಲಿ, ಕ್ರೇನ್ ನಡೆಸುತ್ತಿದ್ದರು. ಹಡಗಿನಿಂದ ಇಳಿಸಿದ್ದೆಲ್ಲ ಲಾರಿ ಹತ್ತಿ ಘಟ್ಟದ ಮೇಲೆ ಹೋಯಿತು, ಘಟ್ಟದಿಂದ ಇಳಿದದ್ದೆಲ್ಲ ಹಡಗು ಹತ್ತಿ ಸಮುದ್ರದ ಮೇಲೆ ಹೋಯಿತು. ಜೀವಮಾನವಿಡೀ ಎತ್ತಿ ಇಳಿಸಿದ ಸಾಮಾನಿನಲ್ಲಿ ಒಂದು ಡಬ್ಬವೂ ಇಲ್ಲೇ ಇರುತ್ತೇನೆ ಎನ್ನಲಿಲ್ಲ. ನಿವೃತ್ತರಾದ ಮೇಲೆ ಮಾವ ಆ ಸಿಟ್ಟನ್ನೆಲ್ಲ ನೆಂಟರ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂಬುದು ಅತ್ತೆಯವರ ಅಂಬೋಣ.

ನಾನೂ ಅಷ್ಟೇ, ದಾಟಿ ಹೋಗಬೇಕಾದವಳೇ. ಗದಗಿನ ಕಡೆಯ ಹಳ್ಳಿಯವಳು, ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಮಂಗಳೂರಿಗೆ ಬಂದೆ, ಬೇಗ ಹುಬ್ಬಳ್ಳಿಗೆ ಹೋಗುವುದೆಂದು ಪೆಟ್ಟಿಗೆ ಕೂಡ ಪೂರ್ತಿ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಇವರ ಮಗನ ಪರಿಚಯವಾಯಿತು, ಮದುವೆಯೂ ಆಯಿತು. ಮದುವೆಯ ದಿನ ಮಾವ ನನ್ನನ್ನು ಆಶೀರ್ವದಿಸಿದ ಮಾತು ಇದು: "ನೀನೂ ಪಾಸಿಂಗ್ ಗಾಡಿಯೇ ಇದ್ದೆ. ನನ್ನ ಮಗ ಒಂದು ಒಳ್ಳೆ ಬ್ರೇಕ್ ಹಾಕಿದ ನೋಡು!" ಬ್ರೇಕ್ ಹಾಕಿದ ಮಹಾಶಯ ಈಗ ಕುವೈತಿನಲ್ಲಿ ಕೆಲಸದಲ್ಲಿದ್ದಾನೆ. ದೇರೆಬೈಲಿನ ಮನೆಯಲ್ಲಿ ನಾನು, ಅತ್ತೆ, ಮಾವ, ಮತ್ತು ಮಾವನವರ ಕೈಗೆ ಸಿಕ್ಕಿಬಿದ್ದ ನೆಂಟರು.

ನೆಂಟರು ಗೇಟು ತೆಗೆದ ಕೂಡಲೇ, ನೀರು-ಬೆಲ್ಲ ಕೊಡುವ ಮೊದಲೇ, ಮಾವ ಒಂದು ಪ್ರಶ್ನೆ ಕೇಳುತ್ತಾರೆ. "ಬಂದದ್ದು ಎಲ್ಲಿಗೆ?" ಇದೊಂದು ಪರೀಕ್ಷೆ. "ನಿಮ್ಮಲ್ಲಿಗೇ" ಎಂದರೆ ಪಾಸು. "ಕೊಲ್ಲೂರಿಗೆ ಹೊರಟಿದ್ದೆವು, ದಾರಿಯಲ್ಲಿ ನಿಮ್ಮನ್ನೂ ಒಮ್ಮೆ..." ಎಂದರೋ, ಮುಗಿಯಿತು ಕಥೆ! ಅಂಥವರು ಕೊಲ್ಲೂರು ತಲುಪುವುದು ದೇವರ ಇಚ್ಛೆ, ಅದಕ್ಕೂ ಮೊದಲು ಮಾವನವರ ಇಚ್ಛೆ.

ನನ್ನ ಜತೆ ಕೆಲಸ ಮಾಡುತ್ತಿದ್ದ ಗೆಳತಿ ಗಂಡನೊಂದಿಗೆ ಮೈಸೂರಿನಿಂದ ಬಂದಿದ್ದಳು. ಮಧ್ಯಾಹ್ನದ ರೈಲಿಗೆ ಕೇರಳಕ್ಕೆ ಹೋಗುವವರು. ನಮ್ಮ ಊರಿನಲ್ಲಿ ಎರಡು ರೈಲು ನಿಲ್ದಾಣಗಳಿವೆ, ಒಂದು ಸೆಂಟ್ರಲ್, ಇನ್ನೊಂದು ಜಂಕ್ಷನ್. ಹೊಸಬರು ಒಂದರ ಟಿಕೆಟು ಹಿಡಿದು ಇನ್ನೊಂದರಲ್ಲಿ ನಿಲ್ಲುವುದು ಇಲ್ಲಿ ಹೊಸತೇನಲ್ಲ. ಆದರೆ ಹುಟ್ಟಿದಂದಿನಿಂದ ಇಲ್ಲೇ ಇರುವ ಮಾವನವರು ಜಂಕ್ಷನ್ನಿನ ರೈಲಿಗೆ ಹೋಗುವವರನ್ನು ತಮ್ಮ ಹಳೇ ಕಾರಿನಲ್ಲಿ ಕೂರಿಸಿಕೊಂಡು ಸೆಂಟ್ರಲ್ಲಿಗೆ ಹೋಗಿ ಇಳಿಸಿದರೆ ಏನೆನ್ನುತ್ತೀರಿ?

"ಅಂಕಲ್, ನಮ್ಮದು ಜಂಕ್ಷನ್ನು!" ಎಂದಳು ಗೆಳತಿ, ಅಳು ಬರುವುದೊಂದು ಬಾಕಿ.

"ಅಯ್ಯೋ, ಹೌದಾ? ನೀವು ಸ್ಟೇಷನ್ ಅಂತ ಮಾತ್ರ ಹೇಳಿದ್ದು. ಇದೂ ಸ್ಟೇಷನ್ನೇ. ಹತ್ತಿ ಹತ್ತಿ, ಈಗ ಬಿಡ್ತೇನೆ."

ಅಲ್ಲಿಂದ ಜಂಕ್ಷನ್ನಿಗೆ ಹತ್ತಿರದ ದಾರಿ ಇದೆ. ಮಾವ ನಂತೂರಿನ ಮೇಲೆ ಸುತ್ತಿಕೊಂಡು ಹೋದರು! ನಂತೂರಿನ ವೃತ್ತ ಗೊತ್ತಲ್ಲ? ಹೆದ್ದಾರಿಗಳು ಅಲ್ಲಿ ಒಂದನ್ನೊಂದು ತಬ್ಬಿಕೊಂಡರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಮುಂದೆ ಲಾರಿ, ಹಿಂದೆ ಬಸ್ಸು, ಪಕ್ಕದಲ್ಲಿ ಗ್ಯಾಸ್ ಟ್ಯಾಂಕರು. ಗೆಳತಿಯ ಗಂಡ ಕೈಗಡಿಯಾರ ನೋಡುತ್ತಿದ್ದರೆ ಮಾವ ಹೆಮ್ಮೆಯಿಂದ ಕೈ ತೋರಿಸುತ್ತಿದ್ದರು. "ನೋಡಿ ನೋಡಿ, ಆ ಟ್ಯಾಂಕರು! ನಿಮ್ಮ ಮೈಸೂರಿನ ಗ್ಯಾಸು ಹೋಗುವುದು ಅದರಲ್ಲೇ. ಗ್ಯಾಸಿಗೆ ಅರ್ಜೆಂಟ್ ಉಂಟು, ಹೋಗ್ಲಿ. ನಿಮಗೆ ಎಂತ ಅರ್ಜೆಂಟ್?" ರೈಲು ಹೋಯಿತು. ರಾತ್ರಿ ಅವರಿಬ್ಬರೂ ನಮ್ಮ ಮನೆಯಲ್ಲಿ ಕೋರಿ ರೊಟ್ಟಿ ತಿಂದರು. ಗೆಳತಿಯ ಗಂಡ ರೊಟ್ಟಿಯ ಮೇಲೆ ಮೂರನೆಯ ಸಲ ಕೋಳಿ ಸಾರು ಹಾಕಿಸಿಕೊಳ್ಳುವಾಗ ಮಾವ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಸರಿ, ಹೀಗೆ ಹಿಡಿದು ನಿಲ್ಲಿಸಿಕೊಂಡವರಿಗೆ ಊರು ತೋರಿಸಬೇಡವೇ? ತೋರಿಸುತ್ತಾರೆ! ನನ್ನ ಚಿಕ್ಕಪ್ಪನ ಮಗ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಹುಡುಗಿ ಸಮುದ್ರವನ್ನೇ ಕಂಡವಳಲ್ಲ. ಮಾವ ಅವರನ್ನು ಪಣಂಬೂರಿನ ಕಡಲತೀರಕ್ಕೆ ಕರೆದೊಯ್ದು, ಕಡಲಿಗೆ ಬೆನ್ನು ಹಾಕಿ ನಿಲ್ಲಿಸಿದರು. ಎದುರಿಗೆ ಬಂದರಿನ ಕ್ರೇನುಗಳು.

"ಅದು ನೋಡು, ಆ ಕೆಂಪು ಬಣ್ಣದ್ದು. ನಾನು ಮೊದಲು ಹತ್ತಿದ್ದು ಅದಕ್ಕೇ."

"ಅಂಕಲ್, ಸಮುದ್ರ..." ಎಂದಿತು ಹುಡುಗಿ, ಕತ್ತು ತಿರುಗಿಸಿ.

"ಅದು ನೀರು. ಅದರಲ್ಲಿ ಎಂತ ನೋಡ್ಲಿಕ್ಕುಂಟು? ನಿಮ್ಮ ಊರಲ್ಲಿಯೂ ನೀರುಂಟಲ್ಲ?"

ಅಲ್ಲಿಂದ ಕಾಟಿಪಳ್ಳಕ್ಕೆ. ಅಲ್ಲಿ ಮಾವನ ತಮ್ಮನ ಮನೆ. ಆ ಮನೆಯ ತಾರಸಿ ಹತ್ತಿದರೆ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ ಕಾಣುತ್ತದೆ. ಹೊಸ ಮದುಮಕ್ಕಳನ್ನು ಅಲ್ಲಿ ನಿಲ್ಲಿಸಿ, "ಕೈ ಮುಗಿಯಿರಿ ಮಕ್ಕಳೇ. ಗಾಳಿಗೂ ಆರದ, ಮಳೆಗೂ ಆರದ ದೀಪ ಇದು. ನಿಮ್ಮ ಸಂಸಾರವೂ ಹಾಗೇ ಇರ್ಲಿ" ಎಂದರಂತೆ. ಪಾಪದ ಮಕ್ಕಳು ಕೈ ಮುಗಿದು ಬಂದಿದ್ದರು! ಅವರ ಮಧುಚಂದ್ರದ ಫೋಟೋಗಳಲ್ಲೆಲ್ಲ ಒಂದು ಚಿಮಣಿ ಇದೆ.

ಬರಬರುತ್ತ ನೆಂಟರೂ ಬುದ್ಧಿವಂತರಾದರು. ಮಂಗಳೂರಿನಲ್ಲಿ ಬಸ್ಸು ಬದಲಿಸಬೇಕಾದವರು ನಮಗೆ ಸುದ್ದಿ ಕೊಡದೆ ಕಳ್ಳರ ಹಾಗೆ ದಾಟತೊಡಗಿದರು. ಮಾವ ಸುಮ್ಮನಿದ್ದಾರೆಯೇ? ಬೆಳಗಿನ ನಡಿಗೆಯನ್ನು ಬಿಜೈಯ ಬಸ್ ನಿಲ್ದಾಣದ ಕಡೆಗೆ ತಿರುಗಿಸಿಕೊಂಡರು. ಒಂದು ದಿನ ಅತ್ತೆಯವರ ದೊಡ್ಡಮ್ಮನ ಮಗನನ್ನು ರಟ್ಟೆ ಹಿಡಿದು ಮನೆಗೆ ಕರೆತಂದರು. ಆ ಮಹಾನುಭಾವರು ಮುಖಕ್ಕೆ ಮಾಸ್ಕ್, ತಲೆಗೆ ಮಂಕಿ ಟೋಪಿ ಹಾಕಿ ಕಂಬದ ಮರೆಯಲ್ಲಿ ನಿಂತಿದ್ದರಂತೆ. "ಮುಖ ಮುಚ್ಚಿದ್ರೆ ಆಯ್ತಾ? ನಡಿಗೆ ಎಲ್ಲಿ ಮುಚ್ಚಿಡ್ತಾನೆ? ಇವರ ಕುಟುಂಬದ ಎಲ್ಲರದ್ದೂ ಬಾತುಕೋಳಿ ನಡಿಗೆ!" ಎಂದರು ಮಾವ. ಅದೇ ಕುಟುಂಬದವರಾದ ಅತ್ತೆ ಆ ದಿನ ಮಾವನವರಿಗೆ ಚಹಾ ಕೊಡಲಿಲ್ಲ.

ಇಂಥ ಮಾವನವರನ್ನು ಸೋಲಿಸಿದವರು ಈ ಭೂಮಿಯ ಮೇಲೆ ಒಬ್ಬರೇ. ನನ್ನ ಅವ್ವ.

ಅವ್ವ ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಬರುತ್ತಾಳೆ. ನಮ್ಮೂರ ಕಡೆಯ ರೈಲಿನಲ್ಲಿ ಬಂದು ಸೆಂಟ್ರಲ್ಲಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿಯುತ್ತಾಳೆ. ಮರುದಿನ ಅದೇ ದಾರಿಯಲ್ಲಿ ವಾಪಸ್ಸು. ನನ್ನ ಮನೆಗೆ ಮಾತ್ರ ಬರುವುದಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ, ಮಗಳಿಗೆ ಮಗುವಾಗುವ ತನಕ, ಹೆತ್ತವರು ಒಂದು ತುತ್ತು ಉಣ್ಣಬಾರದು, ಒಂದು ಗುಟುಕು ನೀರೂ ಕುಡಿಯಬಾರದು ಎಂಬ ಹಳೇ ರೂಢಿ ಅವಳದು. ಈಗ ನಮ್ಮ ಕಡೆಯಲ್ಲೂ ಯಾರೂ ಅಷ್ಟಾಗಿ ಪಾಲಿಸುವುದಿಲ್ಲ. ಅವ್ವ ಬಿಡುವವಳಲ್ಲ. ನಮಗೆ ಮದುವೆಯಾಗಿ ವರ್ಷಗಳಾದವು, ಮಕ್ಕಳಾಗಿಲ್ಲ. ಹಾಗಾಗಿ ಮದುವೆಯಾದ ಮೇಲೆ ನನ್ನ ಅವ್ವ ನನ್ನ ಕೈಯಡುಗೆ ಉಂಡಿರಲಿಲ್ಲ. ನನಗೆ ಅದೊಂದು ದೊಡ್ಡ ನೋವು. ಮಾವನವರಿಗೆ ನನ್ನದಕ್ಕಿಂತ ದೊಡ್ಡ ನೋವು.

ಪ್ರತಿ ವರ್ಷ ರೈಲು ನಿಲ್ದಾಣದ ಬೆಂಚಿನ ಮೇಲೆ ಇವರಿಬ್ಬರ ಕುಸ್ತಿ ನಡೆಯುತ್ತದೆ. ಮಾವ ಎಳನೀರು ಹಿಡಿದುಕೊಂಡು ಶುರು ಮಾಡುತ್ತಾರೆ.

"ಬೀಗಿತ್ತಿ, ಇದು ಮನೆಯ ನೀರಲ್ಲ, ಮರದ ನೀರು. ಮರಕ್ಕೂ ನಿಮ್ಮ ಮಗಳಿಗೂ ಎಂತ ಸಂಬಂಧ?"

"ಮರ ಯಾರ ಹಿತ್ತಲದಾಗೈತ್ರಿ?"

"ಮರ... ನಮ್ಮದೇ."

"ಹಂಗಾರ ಬ್ಯಾಡ್ರಿ ಬೀಗ್ರ."

ಮರುವರ್ಷ ಮಾವ ನೀರುದೋಸೆಯ ಡಬ್ಬಿಯೊಂದಿಗೆ ಹೊಸ ಪಟ್ಟು ತಂದರು. "ಇದು ರೈಲ್ವೆಯ ಬೆಂಚು. ಇಲ್ಲಿ ಕೂತು ತಿಂದ್ರೆ ಕೇಂದ್ರ ಸರಕಾರದ ಮನೆಯಲ್ಲಿ ತಿಂದ ಹಾಗೆ!"

"ಬೆಂಚ್ ಸರಕಾರದ್ದು ಖರೆ. ಒಲಿ ಯಾರದ್ರಿ?"

ಮಾವ ಚಿತ್! ಆದರೆ ಅವ್ವ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಅಲ್ಲೇ ಬಿಚ್ಚುತ್ತದೆ. ಮಾವ ಅದೇ ಬೆಂಚಿನಲ್ಲಿ ಕುಳಿತು ಕಟಂ ಕಟಂ ಎಂದು ರೊಟ್ಟಿ ಮುರಿಯುತ್ತ, "ಬೀಗಿತ್ತಿಯ ರೊಟ್ಟಿ ತಿನ್ನಬಾರದು ಅಂತ ನಮ್ಮಲ್ಲಿ ಎಲ್ಲಿಯೂ ಇಲ್ಲ ಮಾರಾಯ್ತಿ!" ಎನ್ನುತ್ತಾರೆ. ಮನೆಗೆ ಬಂದ ಮೇಲೆ ಮಾತ್ರ ಮುಖ ಸಣ್ಣಗಾಗುತ್ತದೆ. "ಎಲ್ಲರನ್ನೂ ನಿಲ್ಲಿಸಿದೆ. ನಿನ್ನ ತಾಯಿಯನ್ನು ಒಂದು ಹೊತ್ತಿನ ಊಟಕ್ಕೆ ಕೂರಿಸ್ಲಿಕ್ಕೆ ಆಗ್ಲಿಲ್ಲ ನನ್ನಿಂದ."

ಕಳೆದ ಮಳೆಗಾಲದಲ್ಲಿ ಅವ್ವ ಧರ್ಮಸ್ಥಳದಿಂದ ಹಿಂತಿರುಗಿ ಮಂಗಳೂರಿಗೆ ಬಂದು ಇಳಿದ ಬೆಳಿಗ್ಗೆಯೇ ಘಟ್ಟದಲ್ಲಿ ಮಣ್ಣು ಕುಸಿಯಿತು. ರೈಲು ರದ್ದು, ರಸ್ತೆಯೂ ಬಂದ್. ಅವ್ವ ನಿಲ್ದಾಣದಲ್ಲೇ ಕುಳಿತಿರುತ್ತೇನೆ ಎಂದಳು. ಮಾವ ವಾದಕ್ಕೇ ನಿಲ್ಲಲಿಲ್ಲ, ಅವಳ ಚೀಲ ಎತ್ತಿ ಹೆಗಲಿಗೇರಿಸಿ ಕಾರಿನತ್ತ ನಡೆದರು. ಚೀಲದೊಳಗೆ ದೇವರ ಪ್ರಸಾದ! ಅವ್ವ ವಿಧಿಯಿಲ್ಲದೆ ಹಿಂದೆ ಬಂದಳು. ಹಾಗೆ ಮೊತ್ತಮೊದಲ ಬಾರಿಗೆ ನನ್ನ ಅವ್ವ ದೇರೆಬೈಲಿನ ಮನೆಯ ಜಗಲಿಯಲ್ಲಿ ಕುಳಿತಳು.

ಕುಳಿತಳು, ಅಷ್ಟೇ. ಬುತ್ತಿ ಖಾಲಿಯಾಗಿತ್ತು. ಹೋಟೆಲಿನಿಂದ ತರುತ್ತೇನೆಂದರೆ, "ಈ ಮನಿ ಹೊಸ್ತಿಲದಾಗ ಬಂದ ಮ್ಯಾಲೆ ಅದೂ ಈ ಮನೀದ ಆತ್ರಿ" ಎಂದಳು. ಒಂದು ಹೊತ್ತು ಉಪವಾಸವಿದ್ದರೆ ಯಾರೂ ಸಾಯುವುದಿಲ್ಲವಂತೆ! ಹಿಂದಿನ ಮಧ್ಯಾಹ್ನ ಕ್ಷೇತ್ರದಲ್ಲಿ ಉಂಡದ್ದೇ ಕೊನೆ. ಅವಳ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು. ಅವ್ವ ಮೀನು ಮುಟ್ಟುವವಳಲ್ಲವೆಂದು ಅತ್ತೆ ಅಂದು ಹೊಸ ಪಾತ್ರೆ ತೆಗೆದು ಅನ್ನ, ಹೆಸರುಕಾಳಿನ ಗಸಿ, ತೊಂಡೆಕಾಯಿ ಪಲ್ಯ ಮಾಡಿದ್ದರು. ಬೀಗಿತ್ತಿ ಉಣ್ಣದೆ ತಾನು ಉಣ್ಣುವುದಿಲ್ಲ ಎಂದರು ಮಾವ. ಮಾವ ಉಣ್ಣದೆ ಅತ್ತೆ ಉಣ್ಣುವುದಿಲ್ಲ. ಇವರೆಲ್ಲ ಉಣ್ಣದೆ ನಾನು ಹೇಗೆ ಉಣ್ಣಲಿ? ಬಿಸಿ ಬಿಸಿ ಅಡುಗೆ ಮಾಡಿಟ್ಟುಕೊಂಡು ಮನೆಮಂದಿಯೆಲ್ಲ ಉಪವಾಸ ಕುಳಿತ ಮನೆ ಇಡೀ ಮಂಗಳೂರಿನಲ್ಲಿ ಅಂದು ನಮ್ಮದೊಂದೇ ಇರಬೇಕು!

ಘಾಟಿ ಬಂದಾದರೆ ಹಬ್ಬ ಮಾಡುವ ಮಾವನವರ ಅವಸ್ಥೆಯನ್ನು ಆ ದಿನ ನೋಡಬೇಕಿತ್ತು. ಫೋನ್ ಹಿಡಿದು, ಗುರುತಿನ ಲಾರಿ ಡ್ರೈವರುಗಳಿಗೆಲ್ಲ ಕರೆ ಮಾಡಿದ್ದೇ ಮಾಡಿದ್ದು. "ಒಂದು ಸೈಡ್ ಆದ್ರೂ ಬಿಡ್ತಾರಾ ಮಾರಾಯ? ಜೆಸಿಬಿ ಬಂತಾ? ಒಂದೇ ಜೆಸಿಬಿಯಾ? ಅದೆಲ್ಲಿ ಸಾಕಾಗ್ತದೆ!" ಅತ್ತೆ ನನ್ನ ಕಿವಿಯಲ್ಲಿ, "ಇನ್ನು ಸ್ವಲ್ಪ ಹೊತ್ತಾದ್ರೆ ಇವರೇ ಹಾರೆ ಹಿಡ್ಕೊಂಡು ಹೋಗ್ತಾರೆ ನೋಡು" ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಕೊನೆಗೆ ಮಾವ ಫೋನ್ ಇಟ್ಟು ಜಗಲಿಗೆ ಬಂದು ಅವ್ವನಿಂದ ಸ್ವಲ್ಪ ದೂರ ಕುಳಿತರು. ಸದಾ ಬೊಬ್ಬೆ ಹೊಡೆಯುವ ಅವರ ಸ್ವರ ತಗ್ಗಿತ್ತು.

"ಬೀಗಿತ್ತಿ, ಒಂದು ಮಾತು ಹೇಳ್ಲಿಕ್ಕುಂಟು. ಇದು ನನ್ನ ಮನೆ ಅಲ್ಲ."

ಅವ್ವ ತಲೆಯೆತ್ತಿ ನೋಡಿದಳು.

"ಇದು ಇವಳದ್ದು, ನನ್ನ ಹೆಂಡತಿಯದ್ದು. ಇವಳಿಗೆ ಇವಳ ತಾಯಿಯಿಂದ ಬಂದದ್ದು. ನಮ್ಮ ತುಳುವರಲ್ಲಿ ಹಿಂದಿನಿಂದ ಹಾಗೆಯೇ, ಮನೆ ಹೆಣ್ಣಿಂದ ಹೆಣ್ಣಿಗೆ. ನನ್ನ ತಂದೆ-ತಾಯಿ ಇದ್ದ ಮನೆ ಬಂದರು ಕಟ್ಟುವಾಗ ಹೋಯ್ತು. ಅದರ ಬದಲಿಗೆ ಸರಕಾರ ಕಾಟಿಪಳ್ಳದಲ್ಲಿ ಕೊಟ್ಟ ಜಾಗದಲ್ಲಿ ತಮ್ಮಂದಿರಿಗೇ ಮಲಗ್ಲಿಕ್ಕೆ ಕಷ್ಟ. ಮದುವೆ ಆಗಿ ಒಂದು ಚೀಲ ಹಿಡ್ಕೊಂಡು ಇಲ್ಲಿಗೆ ನೆಂಟನ ಹಾಗೆ ಬಂದೆ. ನಾಳೆ ಎಲ್ಲಿಗೆ ಹೋಗುವುದು ಅಂತ ನನಗೇ ಗೊತ್ತಿರ್ಲಿಲ್ಲ. ಇವಳ ತಾಯಿ ಎಂತ ಹೇಳಿದ್ರು ಗೊತ್ತುಂಟಾ? 'ಬಂದೆಯಲ್ಲ, ಇನ್ನು ಎಲ್ಲಿಗೂ ಹೋಗ್ಬೇಡ' ಅಂತ. ಅಷ್ಟು ಒಳ್ಳೆ ಮಾತು ನನಗೆ ಯಾರೂ ಹೇಳ್ಲಿಲ್ಲ ಬೀಗಿತ್ತಿ. ಅದಕ್ಕೇ ನಾನು ಬಂದವರಿಗೆಲ್ಲ ಅದನ್ನೇ ಹೇಳುವುದು. ಜನ ನನಗೆ ಮರ್ಲು ಅಂತಾರೆ, ಹುಚ್ಚು ಅಂತ. ಅನ್ಲಿ."

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು. ಮಾವ ಅವರತ್ತ ಕೈ ತೋರಿಸಿದರು.

"ನಮಗೆ ಹೆಣ್ಣು ಮಕ್ಕಳಿಲ್ಲ. ಇವಳು ನಿಶ್ಚಯ ಮಾಡಿ ಆಗಿದೆ. ಈ ಮನೆ ಮಗನಿಗಲ್ಲ, ಸೊಸೆಗೆ. ಮಗು ಆದ ಮೇಲೆ ಅಂತ ಅಲ್ಲ. ಆಗ್ಲಿ, ಆಗದೆ ಇರ್ಲಿ. ನೀವು ಮಗಳನ್ನು ಈ ಮನೆಗೆ ಕೊಟ್ಟದ್ದು ಅಂತ ತಿಳ್ಕೊಂಡಿದ್ದೀರಿ. ಹಾಗಲ್ಲ. ನಾವು ಮನೆಯನ್ನು ಅವಳಿಗೆ ಕೊಟ್ಟದ್ದು. ಕುವೈತಿನಿಂದ ನನ್ನ ಮಗ ಬಂದ್ರೆ ಅವನೂ ನೆಂಟನೇ!"

"ಹೌದು ಅಕ್ಕ" ಎಂದರು ಅತ್ತೆ. "ಇವರು ಹೇಳಿದ್ರಲ್ಲಿ ಇಷ್ಟು ವರ್ಷಕ್ಕೆ ಇದೊಂದು ಸರಿ."

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಕಂಬ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಒಳಗಿನಿಂದ ಟಿವಿಯ ದನಿ ಕೇಳಿಸಿತು. ಘಾಟಿಯಲ್ಲಿ ಮಣ್ಣು ತೆರವಾಗಿದೆ, ಬಸ್ಸುಗಳನ್ನು ಬಿಡುತ್ತಿದ್ದಾರೆ. ಮಾವ ಎದ್ದು ಒಳಗೆ ಹೋದರು. ಟಿವಿ ಆರಿಸಲಿಕ್ಕೆ ಹೋದರು ಎಂದೇ ನಾನು ತಿಳಿದಿದ್ದೆ. ಅಲ್ಲ, ಕಾರಿನ ಕೀ ತಂದರು.

"ಬಸ್ಸು ಉಂಟಂತೆ ಬೀಗಿತ್ತಿ. ಹೊರಡುವುದಾದ್ರೆ ಹೇಳಿ, ಈಗಲೇ ಬಿಟ್ಟು ಬರ್ತೇನೆ. ಹಸಿದ ಹೊಟ್ಟೆಯಲ್ಲಿ ನಿಮ್ಮನ್ನು ಹಿಡಿದಿಡುವುದು ಬೇಡ."

ನಮ್ಮ ಮಾವ ತಾವಾಗಿ ನೆಂಟರೊಬ್ಬರಿಗೆ ಬಸ್ಸು ಇದೆ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿ ಮುಖ ಆಚೆ ತಿರುಗಿಸಿಕೊಂಡರು.

ಅವ್ವ ಕೀ ನೋಡಿದಳು. ಅತ್ತೆಯ ಕೈಯ ಸೌಟು ನೋಡಿದಳು. "ಬಸ್ಸಿಗೇನ್ರಿ ಬೀಗ್ರ, ನಾಳೆನೂ ಬರ್ತೈತಿ" ಎಂದಳು. ಆಮೇಲೆ ನನ್ನತ್ತ ತಿರುಗಿದಳು.

"ಮನಿ ನಿಂದಂತಲ್ಲ. ಅವ್ರು ಕರದ್ರ ನಾ ಹ್ಯಾಂಗ ಏಳ್ಲಿ? ನೀ ಕರೀಬೇಕಲ್ಲ."

ಮಾವ ಹಿಡಿದು ತಂದ ನೆಂಟರನ್ನೆಲ್ಲ ನಾನು ಈ ಮನೆಯಲ್ಲಿ ಊಟಕ್ಕೆ ಕರೆದಿದ್ದೇನೆ, ಕನ್ನಡದಲ್ಲಿ ಕರೆದಿದ್ದೇನೆ, ಅರೆಬರೆ ತುಳುವಿನಲ್ಲಿ ಕರೆದಿದ್ದೇನೆ. ನಮ್ಮೂರ ಮಾತಿನಲ್ಲಿ ಮಾತ್ರ ಯಾರನ್ನೂ ಕರೆದಿರಲಿಲ್ಲ. ಈಗ ಕರೆದೆ.

"ಅವ್ವಾ, ಉಣ್ಣಾಕ ಬಾ."

ಅವ್ವ ಸೆರಗು ಸರಿಮಾಡಿಕೊಂಡು, ನನ್ನ ಕೈ ಹಿಡಿದು ಎದ್ದಳು.